ಹಲ್ಲು ನೋಡದೆ ಎತ್ತು ಕೊಳ್ಳಲ್ಲ, ಕಾರು ಯಾಕವ್ವ ಕೊಳ್ತೀರ?

ನಮ್ಮಟ್ಟಿ ಮುಂದಲ ಹೊಂಗೆ ಮರದ ಕೆಳಗೆ ಒಂದು ಬಿಳಿ ಕಾರು ನಿಂತದೆ. ನಿಂತು ಎಂಟು ತಿಂಗಳಾಯ್ತು. ಹೋಗೋರು ಬರೋರು "ಏನಕ್ಕ, ಕಾರು ತಗಂಡ್ರಂತೆ!" ಅಂತಾರೆ. ನಾನು "ಹೂಂ ಕಣವ್ವ" ಅಂತ ನಕ್ಕು ಒಳಕ್ಕೆ ಹೋಯ್ತೀನಿ. ಅದರ ಹಿಂದಿನ ಸೀಟಲ್ಲಿ ನಮ್ಮ ಕೆಂಪು ಕೋಳಿ ಮೊಟ್ಟೆ ಇಡ್ತಾ ಅದೆ. ಇಲ್ಲೀಗಂಟ ಆ ಕಾರಿಂದ ನಮಗೆ ಬಂದ ಲಾಭ ಅಂದ್ರೆ ಅಷ್ಟೇಯ.

"ಇದನ್ನ ಯಾರ ಕುಟ್ಟೂ ಆಡ್ಬೇಡ, ಮರ್ವಾದೆ ಹೋಯ್ತದೆ" ಅಂತ ನಮ್ಮನೆಯವರು ಹೇಳವ್ರೆ. ಎಂಟು ತಿಂಗಳು ಬಾಯಿ ಕಟ್ಕಂಡಿದ್ದೆ. ಮೊನ್ನೆ ಕೆ.ಆರ್. ನಗರದಿಂದ ನಮ್ಮ ಚಿಕ್ಕವ್ವನ ಮಗಳು ಫೋನ್ ಮಾಡಿ, "ಅಕ್ಕಾ, ಒಂದು ಕಾರು ನೋಡಿದೀವಿ, ಬೋ ಚೆಂದಾಗದೆ, ನಾಳೆ ಅಡ್ವಾನ್ಸ್ ಹಾಕ್ತಾರೆ" ಅಂದ್ಲು. "ಕಾರು ಎಲ್ಲದೆ?" ಅಂದೆ. "ಅದೇ, ಮೊಬೈಲಲ್ಲಿ" ಅಂದ್ಲು. ಆವತ್ತೇ ತೀರ್ಮಾನ ಮಾಡ್ದೆ, ಮರ್ವಾದೆ ಹೋದ್ರೆ ಹೋಗ್ಲಿ, ಬರೀತೀನಿ ಅಂತ.

ಹೋದ ವರ್ಷ ಹೊಗೆಸೊಪ್ಪಿನ ದುಡ್ಡು ಕೈಗೆ ಬಂದಿತ್ತು. ಅತ್ತೆಗೆ ಮಂಡಿ ನೋವು, ತಿಂಗಳಿಗೊಂದು ಸಲ ಮೈಸೂರಿಗೆ ತೋರಿಸೋಕೆ ಕರಕಂಡು ಹೋಗ್ಬೇಕು. ಕಾರು ಬೇಕು ಅನ್ನೋದ್ರಲ್ಲಿ ತಪ್ಪೇನಿರ್ಲಿಲ್ಲ. ನಮ್ಮ ಮೈದ ಮೊಬೈಲಲ್ಲಿ ಹುಡುಕಿ ಒಂದನ್ನ ಹಿಡಿದ. ಬೇರೆ ರಾಜ್ಯದ್ದು. ಹನ್ನೆರಡು ಫೋಟೋ, ಒಂದಕ್ಕಿಂತ ಒಂದು ಹೊಳಪು. 1 ಲಕ್ಷದ 80 ಸಾವಿರ. "ಇವತ್ತೇ 20 ಸಾವಿರ ಹಾಕಿ, ಇನ್ನೂ ನಾಕು ಜನ ಕೇಳ್ತಾವ್ರೆ" ಅಂದ ಆ ಕಡೆಯವನು. ಸೊಪ್ಪಿನ ದುಡ್ಡು ಸಾಲ್ದೆ ನನ್ನ ಎರಡು ಬಳೆ ಗಿರವಿಗೆ ಹೋದವು. "ಒಂದ್ಸಲ ಹೋಗಿ ನೋಡ್ಕಂಡು ಬರ್ಬಾರ್ದಾ?" ಅಂದೆ. "ನಿಂಗೇನು ಗೊತ್ತು ಕಾರಿನ ವಿಚಾರ" ಅಂದ್ರು. ಸುಮ್ಮನಾದೆ. ಆ ಸುಮ್ಮನಾದದ್ದು ನನ್ನ ತಪ್ಪು.

ಪೂರಾ ದುಡ್ಡು ಹಾಕಿದ ಮೇಲೆ ಕಾರು ಲಾರೀಲಿ ಬಂತು. ಮೂರನೇ ದಿನ ಹುಣಸೂರು ದಾಟೋ ಹೊತ್ತಿಗೆ ನಿಂತೋಯ್ತು. ಮೆಕ್ಯಾನಿಕ್ ಬಂದವನು ಮೊದಲು ಬಾನೆಟ್ ಎತ್ತಲಿಲ್ಲ, ಸೀಟ್ ಬೆಲ್ಟನ್ನ ಕೊನೇಗಂಟ ಎಳೆದ. ಒಳಗೆ ಸುತ್ಕಂಡಿದ್ದ ಅರ್ಧ ಭಾಗಕ್ಕೆ ಕೆಸರು ಮೆತ್ಕಂಡಿತ್ತು. "ಇದು ನೀರಲ್ಲಿ ಮುಳುಗಿದ್ದ ಗಾಡಿ ಕಣಣ್ಣ" ಅಂದ. ಕಾಗದ ಬಿಚ್ಚಿ ನೋಡಿದ್ರೆ ಆರ್‌ಸಿ ಇರೋದು ಇನ್ಯಾರದೋ ಹೆಸರಲ್ಲಿ. ಮೇಲೆ ಬ್ಯಾಂಕಿನ ಸಾಲ ಬೇರೆ ತೀರಿಲ್ಲ. ಮಾರಿದವನ ಫೋನು ಆವತ್ತಿಂದ ಸ್ವಿಚ್ ಆಫ್.

ಈಗ ನನ್ನ ಜಗಳ ಯಾರ ಮೇಲೆ ಅಂದ್ರೆ, ಮೋಸ ಮಾಡಿದವನ ಮೇಲೆ ಮಾತ್ರ ಅಲ್ಲ. ನಮ್ಮ ಮೇಲೇಯ.

ಯೋಚನೆ ಮಾಡ್ರವ್ವ. ಸಂಕ್ರಾಂತಿ ಟೈಮಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಗೆ ನಮ್ಮ ತಾತಂದಿರ ಕಾಲದಿಂದ ಹೋಯ್ತಾವ್ರೆ. ಜೋಡೆತ್ತು ಅಂದ್ರೆ ಹಾಗೇ ಹಗ್ಗ ಹಿಡ್ಕಂಡು ಬರ್ತಾರಾ? ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಾಕು ಹೆಜ್ಜೆ ನಡೆಸ್ತಾರೆ. ಆಮೇಲೆ ಟವಲ್ ಒಳಗೆ ಬೆರಳು ಹಿಡಿದು ವ್ಯಾಪಾರ. ನಾವು ವರ್ಷವೆಲ್ಲ ಬೆವರು ಸುರಿಸಿ ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನ ಕಟ್ಟೆಮಳಲವಾಡಿ ಮಾರ್ಕೆಟ್ಟಿಗೆ ಹಾಕಿದ್ರೆ, ಕಂಪನಿಯವರು ಫೋಟೋ ನೋಡಿ ರೇಟು ಕೂಗ್ತಾರಾ? ಬೇಲ್ ಹತ್ರ ಬಂದು ಎಲೆ ಮುಟ್ತಾರೆ, ಬಣ್ಣ ನೋಡ್ತಾರೆ, ಚೂರು ಸರಿ ಇಲ್ಲ ಅಂದ್ರೆ ರೇಟು ಇಳಿಸ್ತಾರೆ. ನಮ್ಮ ಮಾಲನ್ನ ಅಷ್ಟು ಕೆದಕಿ ಕೊಳ್ಳೋ ಲೋಕದಲ್ಲಿ, ಆ ಮಾಲಿಂದ ಬಂದ ದುಡ್ಡನ್ನ ನಾವು ಹನ್ನೆರಡು ಫೋಟೋಕ್ಕೆ ಸುರಿದ್ಬುಟ್ವಲ್ಲ!

"ಅಷ್ಟು ಕಮ್ಮಿಗೆ ಇಲ್ಲೆಲ್ಲಿ ಸಿಗ್ತದೆ" ಅಂತಾರೆ ಗಂಡಸರು. ಕಮ್ಮಿ ಯಾಕೆ ಅಂತ ಕೇಳ್ಬೇಕಲ್ವಾ? 2015ರಲ್ಲಿ ಚೆನ್ನೈ ಮುಳುಗ್ತು, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗ್ತು, 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ದೊಡ್ಡ ದೊಡ್ಡ ಕಾರೇ ತೇಲಿದವು. ಅಂಥ ಗಾಡೀನ ಇನ್ಶೂರೆನ್ಸಿನವರು ರಿಪೇರಿಗೆ ಆಗಲ್ಲ ಅಂತ ಗುಜರಿ ರೇಟಿಗೆ ಕೊಡ್ತಾರೆ. ಅದನ್ನ ತೊಳೆದು, ಪಾಲಿಶ್ ಹೊಡೆದು, ಸೆಂಟ್ ಹಾಕಿ ಮಾರೋರು ಅವ್ರೆ. ದಿಲ್ಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಅಲ್ಲಿ ಬೆಲೆ ಬಿದ್ದ ಗಾಡಿ ಈ ಕಡೆ ಬರ್ತದೆ. ಅದು ಕಳ್ಳಮಾಲು ಅಂತ ನಾನು ಅನ್ನಲ್ಲ. ಆದ್ರೆ ಎನ್‌ಓಸಿ, ಇಲ್ಲಿ ಕಟ್ಟೋ ರೋಡ್ ಟ್ಯಾಕ್ಸು ಎಲ್ಲ ಸೇರಿಸಿದ್ರೆ ಆ 'ಕಮ್ಮಿ' ಎಲ್ಲುಳೀತದೆ?

ಹೆಚ್.ಡಿ. ಕೋಟೇಲಿ ನಮ್ಮ ನಾದಿನಿ ಪಕ್ಕದ ಮನೆಯವರಿಗಂತೂ ಕಾರೇ ಬರ್ಲಿಲ್ಲ. "ನಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗದೆ, ಅರ್ಜೆಂಟಾಗಿ ಮಾರ್ತಾ ಇದೀನಿ" ಅಂದನಂತೆ. ಯೂನಿಫಾರಂ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು ಎಲ್ಲ ಕಳಿಸಿದ. ಮೊದಲು ಬುಕಿಂಗ್, ಆಮೇಲೆ ಸಾಗಾಟದ ಖರ್ಚು, ಆಮೇಲೆ "ಇದು ವಾಪಸ್ ಬರೋ ದುಡ್ಡು" ಅಂತ ಇನ್ನೊಂದಷ್ಟು. ಈ ಆಟ ದೇಶದ ತುಂಬ ನಡೆದದೆ, ಪೊಲೀಸರು ಎಷ್ಟೋ ಸಲ ಎಚ್ಚರಿಸವ್ರೆ. ನಮ್ಮ ಪಿರಿಯಾಪಟ್ಟಣ ದಾಟಿದ್ರೆ ಕೊಡಗು. ಮಿಲಿಟರಿ ಅಂದ್ರೆ ನಾವು ಎದ್ದು ನಿಲ್ಲೋ ಜನ. ಆ ಗೌರವಾನೇ ಕಳ್ಳರು ಕತ್ತಿ ಮಾಡ್ಕಂಡವ್ರೆ. ನಿಜವಾದ ಯೋಧ ಕಾರು ಮಾರೋದಾದ್ರೆ "ಬಂದು ನೋಡ್ಕಳಿ" ಅಂತಾನೆ, "ಸ್ಕ್ಯಾನ್ ಮಾಡಿ" ಅನ್ನಲ್ಲ. ಒಂದು ಮಾತು ಗೋಡೆ ಮೇಲೆ ಬರೆದಿಟ್ಕಳಿ: ದುಡ್ಡು ಬರೋಕೆ ಯುಪಿಐ ಪಿನ್ ಒತ್ತೋದು ಬೇಕಿಲ್ಲ. ಪಿನ್ ಒತ್ತಿದ್ರಿ ಅಂದ್ರೆ ದುಡ್ಡು ಹೋಯ್ತು ಅಂತಾನೇ ಅರ್ಥ. ಹೋದ್ರೆ ಅಳ್ತಾ ಕೂರ್ಬೇಡಿ, ಆ ಗಳಿಗೇಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈಯಿಂದ ಕೈಗೆ ಜಾರ್ತದೆ.

"ಹಂಗಾದ್ರೆ ಊರಿನ ಬ್ರೋಕರ್ ಮೋಸ ಮಾಡಲ್ವಾ?" ಅಂತ ನಮ್ಮ ಮೈದ ಕೇಳ್ತಾನೆ. ಮಾಡ್ತಾನೆ ಕಣಪ್ಪ, ಮಾಡಲ್ಲ ಅಂದವರ್ಯಾರು? ಆದ್ರೆ ಅವನಿಗೊಂದು ಮುಖ ಅದೆ, ಅಂಗಡಿ ಅದೆ, ಹೋಗಿ ಬಾಗಿಲಲ್ಲಿ ಕೂತ್ಕಳಬೋದು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರೋ ಡೀಲರು ಆರ್‌ಟಿಓದಿಂದ ಅಧಿಕಾರ ಪತ್ರ ತಗೋಬೇಕು ಅನ್ನೋ ನಿಯಮಾನೂ ಬಂದದೆ, ಅದನ್ನ ತೋರಿಸಿ ಅಂತ ಕೇಳ್ಬೋದು. ಮೊಬೈಲಲ್ಲಿ ಹುಡುಕ್ಬೇಡಿ ಅಂತಾನೂ ನಾನು ಹೇಳ್ತಿಲ್ಲ. ಹುಡುಕಿ. ಹೆಣ್ಣು ನೋಡೋಕೂ ಮೊದಲು ಫೋಟೋ ತರಿಸ್ತೀವಿ. ಫೋಟೋಗೇ ತಾಳಿ ಕಟ್ಟಿಸ್ತೀವಾ?

ನೋಡೋಕೆ ಹೋದ್ರೆ ಏನು ನೋಡ್ಬೇಕು ಅಂತ ಆ ಮೆಕ್ಯಾನಿಕ್ ಹತ್ರ ಕೂತು ಕೇಳ್ಕಂಡೆ. ಸೀಟ್ ಬೆಲ್ಟ್ ಪೂರಾ ಎಳೀರಿ. ಕಾಲಡಿ ಮ್ಯಾಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಗೊತ್ತಾಗೋಕೆ ಡಿಗ್ರಿ ಬೇಕಾ? ರಾಗಿ ಹಿಟ್ಟಿನ ಡಬ್ಬ ಮೂಸೋ ನಮ್ಮ ಮೂಗೇ ಸಾಕು. ಮೀಟರಲ್ಲಿ 40 ಸಾವಿರ ಕಿಲೋಮೀಟರ್ ಅಂತಿದ್ದು ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ರೆ ಮೀಟರ್ ಸುಳ್ಳು ಹೇಳ್ತಾ ಅದೆ. ಟೈರ್ ಮೇಲೆ ನಾಕು ಅಂಕಿ ಇರ್ತದೆ, ಕೊನೆ ಎರಡು ಅಂಕಿ ತಯಾರಾದ ಇಸವಿ. ಇಂಜಿನ್ ತಣ್ಣಗಿರೋವಾಗ ಸ್ಟಾರ್ಟ್ ಮಾಡಿಸಿ, ನೀವು ಬರೋಕೆ ಮುಂಚೆ ಬಿಸಿ ಮಾಡಿಟ್ಟಿದ್ರೆ ಅನುಮಾನ ಪಡಿ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ತಾಳೆ ನೋಡಿ. ಗಾಡಿ ನಂಬರನ್ನ ಎಂಪರಿವಾಹನ್ ಆ್ಯಪಿಗೆ ಹಾಕಿದ್ರೆ ಯಾವ ಇಸವಿದು, ಎಲ್ಲಿ ರಿಜಿಸ್ಟರ್ ಆಗಿದ್ದು, ಇನ್ಶೂರೆನ್ಸ್ ಯಾವಾಗ ಮುಗೀತದೆ ಎಲ್ಲ ಬರ್ತದೆ. ಹೆಸರು ಬದಲಾಯಿಸೋಕೆ ಫಾರಂ 29, 30. ಸಾಲ ಇದ್ದದ್ದಾದ್ರೆ ಫಾರಂ 35 ಜೊತೆ ಬ್ಯಾಂಕಿನ ಪತ್ರ. ಬೇರೆ ರಾಜ್ಯದ್ದಾದ್ರೆ ಎನ್‌ಓಸಿ. ಇಷ್ಟೂ ಕೈಗೆ ಬಂದ್ಮೇಲೆ ಕೊನೆ ಕಂತು ಕೊಡಿ.

ಮಾರೋರಿಗೂ ಒಂದು ಮಾತು. ಕೀ ಕೊಟ್ಟು ದುಡ್ಡು ಎಣಿಸಿದ್ರೆ ಮುಗೀತು ಅಂದ್ಕಬೇಡಿ. ರಿಜಿಸ್ಟರಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳದೆ. ನೀವು ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದ್ದು ಯಾರಿಗಾದ್ರೂ ಗುದ್ದಿದ್ರೆ ಕೋರ್ಟ್ ನೋಟಿಸ್ ಬರೋದು ನಿಮ್ಮ ಬಾಗಿಲಿಗೆ.

ಅಷ್ಟು ದೂರ ಹೋಗಿ ನೋಡೋಕೆ ಖರ್ಚು ಅಂತೀರಾ? 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ನಮಗೆ ಬಸ್ ಟಿಕೆಟ್ಟೇ ಇಲ್ಲ! ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದ ನಮಗೆ, ರಾಜ್ಯದೊಳಗೆ ಎಲ್ಲೇ ಕಾರಿದ್ರೂ ಒಂದು ದಿನ ಹೋಗಿ ನೋಡಿ ಬರೋಕೆ ಆಗಲ್ವಾ? ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರಕಂಡು ಹೋಗಿ. ಬಸ್ಸಲ್ಲಿ ಹೋಗೋಕಾಗದಷ್ಟು ದೂರದ ಕಾರು ನಮಗೆ ಬೇಡವೇ ಬೇಡ.

ಸಂತೇಲಿ ಕಾಲು ಕೆಜಿ ಬದನೆಕಾಯಿ ಕೊಳ್ಳೋವಾಗ ತಿರುಗಿಸಿ ಮುರುಗಿಸಿ ಹುಳ ನೋಡ್ತೀವಿ, ತೆಂಗಿನಕಾಯಿ ಅಲ್ಲಾಡಿಸ್ತೀವಿ. ಲಕ್ಷದ ಮಾಲು ಬಂದಾಗ "ಅದು ಗಂಡಸರ ವಿಚಾರ" ಅಂತ ಸೆರಗು ಸರಿ ಮಾಡ್ಕಂಡು ಒಳಕ್ಕೆ ಹೋಯ್ತೀವಿ. ಬಳೆ ಗಿರವಿಗೆ ಇಡೋವಾಗ ನಮ್ಮ ಸಹಿ ಬೇಕು, ಕಾರು ನೋಡೋವಾಗ ನಮ್ಮ ಕಣ್ಣು ಬೇಡವಾ?

ಚಿಕ್ಕವ್ವನ ಮಗಳು ಇನ್ನೂ ಅಡ್ವಾನ್ಸ್ ಹಾಕಿಸಿಲ್ಲ. ಭಾನುವಾರ ಬಾ, ಮೊದಲು ನಮ್ಮ ಕಾರು ನೋಡುವಂತೆ ಅಂದಿದೀನಿ. ಸೀಟ್ ಬೆಲ್ಟ್ ಎಳೆದು ತೋರಿಸ್ತೀನಿ. ನನ್ನ ಬಳೆ ಇನ್ನೂ ಬಿಡಿಸಿಲ್ಲ. ಅವಳದ್ದು ಅವಳ ಕೈಯಲ್ಲೇ ಇರ್ಲಿ.