ಹಿತ್ತಲ ಈಜುಕೊಳಕ್ಕೆ ಕಂಪೌಂಡ್: ಪಂಚಾಯಿತಿ ಪರವಾನಗಿ ಸಾಕಾ?

ಕಾರವಾರ: ಮಾಜಾಳಿಯಿಂದ ಮಂಜಗುಣಿವರೆಗೆ ಕಡಲಂಚಿನ ಹಿತ್ತಲುಗಳು ಬದಲಾಗುತ್ತಿವೆ. ಬಲೆ ಒಣಗಿಸುತ್ತಿದ್ದ ಜಾಗ ಹೋಮ್‌ಸ್ಟೇ ಅಂಗಳವಾಗುತ್ತಿದೆ. ಫೋನ್ ಮಾಡಿದ ಪ್ರವಾಸಿಗರು ಮೊದಲು ಕೇಳೋದು, "ಪೂಲ್ ಇದೆಯಾ?" ಅಂತ. ಪೂಲ್ ತೋಡಿದ ಮೇಲೆ ಸುತ್ತ ಗೋಡೆ ಬೇಕು. ಗೋಡೆಗೆ ನಿಯಮ ಅಡ್ಡ ಬಂದರೆ "ಸ್ವಲ್ಪ ರಿಯಾಯಿತಿ ಕೊಡಿ" ಎಂಬ ಅರ್ಜಿ.

ಗೋಡೆ ಬೇಕು ಅನ್ನೋದರಲ್ಲಿ ತಪ್ಪಿಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲ ಸಮೀಪದ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಸಮುದ್ರದಲ್ಲಲ್ಲ, ಕೊಳದಲ್ಲಿ. ಅಕ್ಕಪಕ್ಕದ ಮನೆಯ ಮಕ್ಕಳು ಓಡಾಡುವ ಕೇರಿಯಲ್ಲಿ ತೆರೆದ ಕೊಳ ಬಿಟ್ಟರೆ ಅಪಾಯವೇ. ಅಮೆರಿಕದ ಅನೇಕ ಊರುಗಳಲ್ಲಿ ಮನೆಯ ಪೂಲಿಗೆ ಬೇಲಿ ಕಡ್ಡಾಯ. ಜಾಗ ಸಾಲದಿದ್ದರೆ ಸ್ಥಳೀಯ ಮಂಡಳಿಯ ಮುಂದೆ ಹೋಗಿ ವಿನಾಯಿತಿ ಕೇಳಬಹುದು.

ಇಲ್ಲಿ ಕೇಳೋದು ಯಾರನ್ನ? ಪಟ್ಟಣದೊಳಗಿನ ಸೆಟ್‌ಬ್ಯಾಕ್, ಗೋಡೆಯ ಎತ್ತರ ಇವೆಲ್ಲ ಕಾರವಾರ ನಗರಸಭೆ, ಅಂಕೋಲಾ ಪುರಸಭೆ, ನಗರ ಯೋಜನೆಯವರ ಮಟ್ಟದ ವಿಷಯ. ಆದರೆ ಜಾಗ ಸಿಆರ್‌ಝಡ್ ಗೆರೆಯೊಳಗೆ ಇದ್ದರೆ ಅದು ಕೇಂದ್ರ ಸರ್ಕಾರದ ಅಧಿಸೂಚನೆಯ ಮಾತು. ಅದನ್ನು ಸಡಿಲಿಸುವ ಅಧಿಕಾರ ಪಂಚಾಯಿತಿಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ. ಹೆಚ್ಚಿನವರು ಎಡವೋದು ಇಲ್ಲೇ.

2019ರ ಅಧಿಸೂಚನೆ ಗ್ರಾಮೀಣ ತೀರವನ್ನು ಎರಡು ಭಾಗ ಮಾಡಿದೆ. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ, ತೀರ ವಲಯ ನಕ್ಷೆ ಮಂಜೂರಾಗಿದ್ದರೆ, ಉಬ್ಬರ ರೇಖೆಯಿಂದ 50 ಮೀಟರ್ ನಿರ್ಮಾಣ ನಿಷಿದ್ಧ. ಉಳಿದ ಕಡೆ 200 ಮೀಟರ್. ಕಾಳಿ, ಗಂಗಾವಳಿಯಂಥ ಉಬ್ಬರವಿಳಿತದ ನದಿ ದಂಡೆಗೆ ಬೇರೆ ಅಳತೆ. ಒಂದು ಕಡೆ ಗುಡ್ಡ, ಒಂದು ಕಡೆ ಕಡಲು ಇರುವ ಈ ತಾಲೂಕುಗಳಲ್ಲಿ 200 ಮೀಟರ್ ಬಿಟ್ಟರೆ ಕೆಲವರ ಇಡೀ ಆಸ್ತಿಯೇ ಹೋಯ್ತು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಮೊದಲೇ ಇದ್ದ ಅಧಿಕೃತ ಮನೆಯನ್ನು ಅದೇ ಅಳತೆಯಲ್ಲಿ ರಿಪೇರಿ ಮಾಡಬಹುದು. ಮೀನುಗಾರರೂ ಸೇರಿ ಸ್ಥಳೀಯರು ಇದ್ದ ಮನೆಯಲ್ಲೇ ಹೋಮ್‌ಸ್ಟೇ ನಡೆಸಬಹುದು. ಆದರೆ ಮನೆಯ ತಳಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಾಗಬಾರದು. ಹೋಮ್‌ಸ್ಟೇಗೆ ಒಪ್ಪಿಗೆ ಇದೆ ಎಂದು ಹೊಸದಾಗಿ ಕಾಂಕ್ರೀಟ್ ಕೊಳ ತೋಡಿದರೆ ಈ ಷರತ್ತಿನೊಳಗೆ ಅದು ಬರೋದು ಕಷ್ಟ. ಕೊಳವೇ ಕೂರದ ಜಾಗದಲ್ಲಿ ಅದರ ಗೋಡೆಗೆ ರಿಯಾಯಿತಿ ಕೇಳಿ ಏನು ಪ್ರಯೋಜನ?

ಬೇಲಿಯ ಬಗ್ಗೆ ಮಾತ್ರ ನಿಯಮ ಅಷ್ಟು ಬಿಗಿ ಇಲ್ಲ. ಬೀಚ್ ರೆಸಾರ್ಟ್‌ಗಳ ಮಾರ್ಗಸೂಚಿಯಲ್ಲಿ ಖಾಸಗಿ ಜಾಗಕ್ಕೆ ಗಿಡದ ಬೇಲಿ, ಗಿಡ ಹಬ್ಬಿಸಿದ ಮುಳ್ಳುತಂತಿ ಬೇಲಿಗೆ ಅವಕಾಶ ಇದೆ. ಷರತ್ತು ಒಂದೇ: ಜನ ಕಡಲಿಗೆ ಹೋಗುವ ದಾರಿ ತಡೆಯಬಾರದು. ಚಿರೆಕಲ್ಲಿನ ಆಳೆತ್ತರದ ಗೋಡೆ ಬೇರೆ, ದಾಸವಾಳ ಅಥವಾ ಕೇದಿಗೆ ಬೇಲಿ ಬೇರೆ.

ಆ ದಾರಿಯೇ ದೊಡ್ಡ ವಿಷಯ. ಸೀಬರ್ಡ್ ನೌಕಾನೆಲೆಗೆ ಊರೂರೇ ಜಾಗ ಬಿಟ್ಟ ಮೇಲೆ ಇಲ್ಲಿನ ಮೀನುಗಾರರಿಗೆ ಉಳಿದ ದಂಡೆಯೇ ಕಮ್ಮಿ. ರಂಪಣಿ ಎಳೆಯಲು ಹತ್ತಾರು ಜನ ಒಟ್ಟಿಗೆ ದಂಡೆಗೆ ಇಳಿಯಬೇಕು, ಹಗ್ಗ ಹೊರಬೇಕು, ಮೀನು ಬುಟ್ಟಿ ರಸ್ತೆಗೆ ತರಬೇಕು. ಎರಡು ಹಿತ್ತಲುಗಳ ನಡುವಿನ ಕಾಲುದಾರಿಗೆ ಒಬ್ಬರು ಗೋಡೆ ಹಾಕಿದರೆ ಕೇರಿಯವರೆಲ್ಲ ಸುತ್ತು ಹೊಡೀಬೇಕು. ಮೀನು ಪೇಟೆಗೆ ತಡವಾದರೆ ರೇಟು ಬೀಳುತ್ತೆ, ಪೇಟೆಯ ಅಂಗಡಿಯವರ ವ್ಯಾಪಾರಕ್ಕೂ ಬಿಸಿ ತಟ್ಟುತ್ತೆ.

"ಬಂದರಿಗೆ ಒಪ್ಪಿಗೆ ಸಿಗುತ್ತೆ, ನಮ್ಮ ಗೋಡೆಗೆ ಯಾಕಿಲ್ಲ?" ಎಂಬ ಪ್ರಶ್ನೆ ಕಾರವಾರದಲ್ಲೂ ಕೇಣಿಯಲ್ಲೂ ಏಳುವುದು ಸಹಜ. ಬಂದರಿಗೆ ಕಡಲಂಚು ಬೇಕೇ ಬೇಕು ಎಂಬ ಕಾರಣಕ್ಕೆ ಅಧಿಸೂಚನೆಯಲ್ಲೇ ಪ್ರತ್ಯೇಕ ದಾರಿ ಇದೆ. ಅದಕ್ಕೆ ಒಪ್ಪಿಗೆ ಮೇಲಿನಿಂದಲೇ ಬರಬೇಕು. ಕಾನೂನಿನ ಲೆಕ್ಕದಲ್ಲಿ ಉತ್ತರ ಸರಿ. ದಂಡೆ ಕಳಕೊಂಡವರಿಗೆ ಅದು ಸಮಾಧಾನ ಅಲ್ಲ.

ಪಂಚಾಯಿತಿ ಕಾಗದ ಕೈಲಿದೆ ಎಂದು ಧೈರ್ಯ ಮಾಡುವವರು ಕೊಚ್ಚಿಯ ಮರಡು ನೆನಪಿಟ್ಟುಕೊಳ್ಳಬೇಕು. ಅಲ್ಲಿನ ಫ್ಲ್ಯಾಟ್‌ಗಳಿಗೆ ಪಂಚಾಯಿತಿ ಪರವಾನಗಿ ಇತ್ತು. ಆದರೂ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ನಾಲ್ಕು ಸಮುಚ್ಚಯ ಸ್ಫೋಟಿಸಿ ಕೆಡವಿದರು. ಹೊಸ ನಿಯಮದಲ್ಲಿ 300 ಚ.ಮೀ.ವರೆಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು ನಿಜ. ಆಗಲೂ ಸಿಆರ್‌ಝಡ್ ನಿಯಮ ನೋಡಿಯೇ ಕೊಡಬೇಕು. ಬಾಡಿಗೆ ಕಾಟೇಜನ್ನು ಸ್ವಂತ ಮನೆ ಎಂದು ಬರೆಸಿದರೆ ಆ ಕಾಗದ ಎಷ್ಟು ದಿನ ಕಾಯುತ್ತೆ?

ಕಲ್ಲು, ಸಿಮೆಂಟಿಗೆ ಅಡ್ವಾನ್ಸ್ ಕೊಡುವ ಮೊದಲು ಸರ್ವೆ ನಂಬರ್ ಹಿಡಿದು ಕಾರವಾರದ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಹೋಗಿ ವಿಚಾರಿಸೋದು ಒಳ್ಳೇದು. ಉಬ್ಬರ ರೇಖೆ ಅಂದರೆ ಇವತ್ತು ಅಲೆ ಬಂದು ನಿಂತ ಜಾಗ ಅಲ್ಲ, ಮಂಜೂರಾದ ನಕ್ಷೆಯಲ್ಲಿರುವ ಗೆರೆ. ಹಿತ್ತಲ ಮೂಲೆಯಲ್ಲಿ ಕೇರಿಯವರು ನಡೆದಾಡುವ ದಾರಿ ಇದ್ದರೆ ಅದನ್ನೂ ಪ್ಲ್ಯಾನಿನಲ್ಲಿ ತೋರಿಸಲಿ. ಜಗಳ ಶುರುವಾಗೋದು ಹೆಚ್ಚಾಗಿ ಪ್ಲ್ಯಾನಿನಲ್ಲಿ ಬಿಟ್ಟುಹೋದ ಆ ನಾಲ್ಕಡಿಗೇ.