ವಾರ್ಡಿನ ಪ್ರತಿನಿಧಿಯೋ, ಪಕ್ಷದ ಏಜೆಂಟನೋ?

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅಂದಿನ ಬಿಜೆಪಿ ಸರಕಾರ ಚುನಾವಣೆ ನಡೆಸಲಿಲ್ಲ. 2023ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸಿತು. ಆಗಲೂ ಅಲ್ಲಿ ಜನಪ್ರತಿನಿಧಿಗಳಿರಲಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ವೈಟ್‌ಫೀಲ್ಡ್ ಸುತ್ತಮುತ್ತಲ ಜನರು ಟ್ಯಾಂಕರಿಗಾಗಿ ಕಾದು ನಿಂತಾಗ, ಪ್ರಶ್ನಿಸಲು ಒಬ್ಬ ಕಾರ್ಪೊರೇಟರನೂ ಇರಲಿಲ್ಲ.

ಈ ಅನ್ಯಾಯವು ಸಮುದಾಯದ ಸಮಸ್ಯೆಯೆಂದು ನಮ್ಮ ನಾಯಕರಿಗೆ ಅನಿಸಿತೇ? ಅವರಿಗೆ ವಾರ್ಡು ನೆನಪಾಗುವುದು ಟಿಕೆಟ್ ಹಂಚಿಕೆಯ ವೇಳೆ ಮಾತ್ರ. ಇಫ್ತಾರ್ ಕೂಟದಲ್ಲಿ ಟೋಪಿ ಧರಿಸಿದವನು ಹಿತೈಷಿ, ಖಬರಸ್ತಾನಕ್ಕೆ ಆವರಣ ಗೋಡೆಯ ಭರವಸೆ ಕೊಟ್ಟವನು ಉದ್ಧಾರಕ! ಪೀಣ್ಯದ ಕಾರ್ಮಿಕನ ಓಣಿಯಲ್ಲಿ ಚರಂಡಿ ಉಕ್ಕಿ ಹರಿದರೆ ಅದು ಯಾರ ಸಮಸ್ಯೆ?

ನಮ್ಮವನೊಬ್ಬ ಗೆದ್ದನೆಂದು ಮೆರವಣಿಗೆ ಮಾಡುವುದರಲ್ಲಿ ಅರ್ಥವಿಲ್ಲ. ಪಕ್ಷದ ಮುಂದೆ ಬಾಯಿ ಬಿಡಲಾಗದವನು ನಮ್ಮವನಾದರೇನು, ಪರರವನಾದರೇನು? ಅಭ್ಯರ್ಥಿ ಯಾರೇ ಆಗಲಿ, ನೀರು, ಶಾಲೆ, ಚರಂಡಿಯ ಲೆಕ್ಕ ಕೇಳೋಣ. ವಾರ್ಡ್ ಸಮಿತಿಯ ಸಭೆಗಳಿಗೆ ಹೋಗೋಣ, ಮಹಿಳೆಯರನ್ನೂ ಕರೆದೊಯ್ಯೋಣ. ಮತವು ಅಮಾನತ್ತು. ಅದನ್ನು ಸಗಟಾಗಿ ಮಾರುವ ಅಧಿಕಾರವನ್ನು ನಾವು ಯಾವ ನಾಯಕನಿಗೂ ಕೊಟ್ಟಿಲ್ಲ.