ಕುರ್ದಿ ನೀರಿನ ಕೆಂಪು ಮತ್ತು ವರ್ಣಚಕ್ರ

ಕೆಂಪು, ಹಳದಿ, ನೀಲಿಗಳು ಮೂಲವರ್ಣಗಳು, ಬೇರೆ ಬಣ್ಣಗಳನ್ನು ಬೆರೆಸಿ ಅವನ್ನು ಪಡೆಯಲಾಗದು ಎಂಬುದು ಚಿತ್ರಕಲೆಯ ಮೊದಲ ಪಾಠ. ಆದರೆ ಪುತ್ತೂರು, ಸುಳ್ಯ, ಕಡಬದ ಮಗು ಭೂತಾರಾಧನೆಯ ಅಂಗಳದಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವ ಕುರ್ದಿ ನೀರನ್ನು ಕಂಡಿರುತ್ತದೆ. ಪಾಠದ ಪ್ರಕಾರ ಹಳದಿಗೆ ಬಿಳಿ ಸೇರಿದರೆ ತೆಳುಹಳದಿಯಾಗಬೇಕು. ಈ ವಿರೋಧವನ್ನು ತರಗತಿಯಲ್ಲಿ ಎತ್ತದೆ ಬಿಡುವುದು ಬಹುದೊಡ್ಡ ನಷ್ಟ; ವರ್ಣಸಿದ್ಧಾಂತದ ಬೋಧನೆ ಆರಂಭವಾಗಬೇಕಾದುದೇ ಇಲ್ಲಿಂದ.

ಕುರ್ದಿಯಲ್ಲಿ ನಡೆಯುವುದು ಬೆರಕೆಯಲ್ಲ, ಪರಿವರ್ತನೆ. ಅರಿಶಿನದೊಳಗಿನ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಸಾಕಷ್ಟು ಲಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಪಕ್ಕದ ಬಟ್ಟಲಿನಲ್ಲಿ ಜಲವರ್ಣದ ಹಳದಿ, ನೀಲಿಗಳನ್ನು ಕಲಸಿದರೆ ಹಸಿರು. ಅಲ್ಲಿ ಯಾವ ಬಣ್ಣವೂ ತನ್ನ ಗುಣ ಬಿಟ್ಟಿಲ್ಲ, ಎರಡೂ ಸೇರಿ ಹೀರಿ ಉಳಿಸಿದ ಬೆಳಕು ಮಾತ್ರ ಕಣ್ಣಿಗೆ ಹಸಿರಾಗಿದೆ. ಎರಡು ಬಟ್ಟಲುಗಳು ಕಲಿಸುವ ಈ ಭೇದವನ್ನು ಗೋಡೆಗೆ ತೂಗುಹಾಕಿದ ವರ್ಣಚಕ್ರ ಕಲಿಸಲಾರದು. ಸುಣ್ಣ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಅದರ ತಿಳಿನೀರನ್ನು ಅಧ್ಯಾಪಕರೇ ಸುರಿಯಬೇಕು. ವೇಷದ ಮುಖವರ್ಣಿಕೆಯ ಅರ್ದಾಳದಲ್ಲಿ ಆರ್ಸೆನಿಕ್, ಇಂಗಳಿಕದಲ್ಲಿ ಪಾದರಸ ಇರುವುದರಿಂದ ಪರಂಪರೆಯ ಹೆಸರಿನಲ್ಲಿ ಅವನ್ನು ಶಾಲೆಗೆ ತರುವ ಉತ್ಸಾಹ ಖಂಡಿತ ಬೇಡ.

ಮೂಲವರ್ಣವೆಂಬ ಕಲ್ಪನೆಯೂ ಪ್ರಶ್ನಾತೀತವಲ್ಲ. ಮುದ್ರಣಾಲಯದಲ್ಲಿ ಕೆಂಪು ದೊರೆಯುವುದು ಮಜೆಂಟಾ ಮತ್ತು ಹಳದಿ ಶಾಯಿಗಳ ಸಂಯೋಗದಿಂದ. ಜೋಸೆಫ್ ಆಲ್ಬರ್ಸ್ 1963ರ ತಮ್ಮ ಗ್ರಂಥದಲ್ಲಿ ಸಿದ್ಧಾಂತಕ್ಕಿಂತ ಪ್ರಯೋಗವನ್ನು ಮುಂದಿಟ್ಟದ್ದು ಸಕಾರಣವಾಗಿಯೇ. ಪುತ್ತೂರಿಗೆ ಇದು ಹೊರಗಿನ ಮಾತೇನಲ್ಲ. ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಇಳಿದ ಶಿವರಾಮ ಕಾರಂತರು, 1936ರಲ್ಲಿ 'ಬಾಲಪ್ರಪಂಚ'ವನ್ನು ಕೊಟ್ಟವರು, ಚಿತ್ರಕಲೆಯ ಬಗೆಗೂ ಬರೆದವರು. ಅವರ ಹೆಸರು ಜಯಂತಿಯ ಭಾಷಣಗಳಲ್ಲಿ ಕೇಳಿಬರುವಷ್ಟು ತರಗತಿಯ ಕ್ರಮದಲ್ಲಿ ಕಾಣುವುದಿಲ್ಲವೆಂಬುದು ಖೇದಕರ.

ಭಾಷೆಯ ನೆಲೆಯಿಂದಲೂ ಈ ವಿಷಯ ಕನ್ನಡ ವಿಭಾಗಗಳಿಗೆ ಸೇರಿದ್ದೇ. ತುಳುವಿನ 'ಮಂಜೊಳ್' ಅರಿಶಿನವೂ ಹೌದು, ಹಳದಿಯೂ ಹೌದು. ಕನ್ನಡದ 'ಹಸಿರು' 'ಹಸಿ'ಯ ಬಂಧು. 'ನೀಲಿ' ಸಂಸ್ಕೃತದ ಬಳಿಯಿಂದ ಬಂದದ್ದು. ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಆಡುವ ಮಗುವಿಗೆ ಬಣ್ಣ ಮೊದಲು ವಸ್ತು, ಆಮೇಲೆ ಪದ. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳಲ್ಲಿ ಮಗು ಕಲಿಯುವುದು ಪದವನ್ನು ಮಾತ್ರ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತ್ತು. ಬೇಕಾಗಿರುವುದಾದರೂ ಒಂದು ಕೊಂಬು ಅರಿಶಿನ, ಚಿಟಿಕೆ ಸುಣ್ಣ, ಅರ್ಧ ಲಿಂಬೆ, ವಾರಕ್ಕೊಂದು ಅವಧಿ.